ಹಸಿವು ತಡೆಯುವ ಆಹಾರದಿಂದ ತೂಕ ಇಳಿಯುತ್ತದೆಯೇ?

ಓದುಗರ ಪ್ರಶ್ನೆಗಳಿಗೆ ಆಹಾರ ತಜ್ಞೆಯ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಸಿವು ಮತ್ತು ತೂಕದ ಕುರಿತಾಗಿಯೇ ಇದ್ದುದರಿಂದ ಅವುಗಳನ್ನು ಒಟ್ಟಿಗೇ ಎತ್ತಿಕೊಂಡಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರಗಳು. ನಾನು ಬಾಗಲಕೋಟೆಯ ನವನಗರದಲ್ಲಿರುವ ಶಿಕ್ಷಕಿ, ವಯಸ್ಸು 38. ಎತ್ತರ 154 ಸೆಂ.ಮೀ., ತೂಕ 68 ಕಿಲೊ. ಎರಡನೆಯ ಹೆರಿಗೆಯ ನಂತರ ಏರಿದ ತೂಕ ಇಳಿದೇ ಇಲ್ಲ. ಹಸಿವು ಕಡಿಮೆ ಮಾಡುವ ಆಹಾರಗಳು ಎಂದು ಮೊಬೈಲಿಗೆ ದಿನಾಲೂ ಒಂದೊಂದು ಪಟ್ಟಿ ಬರುತ್ತದೆ: ಮೆಂತ್ಯೆ ನೆನೆಸಿದ ನೀರು, ಜೀರಿಗೆ ನೀರು, ಜೇನು ಮತ್ತು ಲಿಂಬೆ, ಅಗಸಿ ಪುಡಿ, ಗ್ರೀನ್ ಟೀ. ಇವುಗಳಲ್ಲಿ ಯಾವುದು ನಿಜ? ಮುಂಜಾನೆ ಎರಡು ತಿಂಗಳಿಂದ ಜೇನು ಲಿಂಬೆಯ ನೀರು ಕುಡಿಯುತ್ತಿದ್ದೇನೆ, ಏನೂ ಫರಕು ಕಂಡಿಲ್ಲ. ಸಂಜೆ ಶಾಲೆಯಿಂದ ಬಂದ ಕೂಡಲೇ ಹಸಿವು ತಡೆಯಲಾಗದೆ ಕೈಗೆ ಸಿಕ್ಕಿದ್ದನ್ನು ತಿಂದುಬಿಡುತ್ತೇನೆ.

ಉತ್ತರ: ಹಸಿವನ್ನು ಕೆಲವು ತಾಸು ಮುಂದೂಡುವ ಆಹಾರಗಳು ಖಂಡಿತ ಇವೆ. ಆದರೆ ತಿಂದ ಮಾತ್ರಕ್ಕೆ ತೂಕ ಇಳಿಸುವ ಆಹಾರ ಒಂದೂ ಇಲ್ಲ. ನಿಮಗೆ ಬರುವ ಪಟ್ಟಿಗಳು ಈ ಎರಡನ್ನೂ ಒಂದೇ ಎಂಬಂತೆ ಹೇಳುತ್ತವೆ. ಹೊಟ್ಟೆ ತುಂಬಿಸುವ ಆಹಾರವು, ನೀವು ಈಗ ತಿನ್ನುತ್ತಿರುವ ಬೇರೆ ಯಾವುದೋ ಒಂದರ ಜಾಗಕ್ಕೆ ಬಂದರೆ ಮಾತ್ರ ಉಪಯೋಗ. ಇರುವ ಊಟದ ಮೇಲೆ ಅದನ್ನು ಹೆಚ್ಚುವರಿಯಾಗಿ ಸೇರಿಸಿದರೆ ಅಷ್ಟು ಕ್ಯಾಲೊರಿ ಹೆಚ್ಚಾಗುತ್ತದೆ, ಬೇರೇನೂ ಆಗುವುದಿಲ್ಲ. ಜೇನು ಲಿಂಬೆಯ ನೀರಿನಲ್ಲಿ ನಿಮಗಾಗಿರುವುದು ಅದೇ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 60 ಕ್ಯಾಲೊರಿ ಇರುತ್ತದೆ. ಅದರಲ್ಲಿ ನಾರೂ ಇಲ್ಲ, ಪ್ರೊಟೀನೂ ಇಲ್ಲ, ಹಸಿವು ತಡೆಯುವ ಗುಣವೂ ಇಲ್ಲ. ನಾಳೆಯಿಂದಲೇ ಬಿಡಬಹುದು. ಲಿಂಬೆಯ ರುಚಿ ಬೇಕೆನಿಸಿದರೆ ಇಂಡಿ ತಾಲ್ಲೂಕಿನ ಲಿಂಬೆಯನ್ನು ಕೋಸಂಬರಿಯ ಮೇಲೆ ಹಿಂಡಿಕೊಳ್ಳಿ.

ಹೊಟ್ಟೆ ತುಂಬಿತು ಎಂಬುದು ನಮಗೆ ಹೇಗೆ ತಿಳಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಇದು ತಿಳಿದರೆ ಯಾವ ಪಟ್ಟಿಯನ್ನೂ ನೀವೇ ಅಳೆದು ನೋಡಬಹುದು. ಮೊದಲ ಸುದ್ದಿ ಜಠರದಿಂದ ಹೋಗುತ್ತದೆ. ಆಹಾರ ಬಿದ್ದಂತೆ ಜಠರದ ಗೋಡೆ ಹಿಗ್ಗುತ್ತದೆ, ಆ ಹಿಗ್ಗುವಿಕೆಯನ್ನು ನರಗಳು ಮಿದುಳಿಗೆ ತಿಳಿಸುತ್ತವೆ. ಆ ಹಿಗ್ಗುವಿಕೆಗೆ ಕ್ಯಾಲೊರಿಯ ಲೆಕ್ಕ ಗೊತ್ತಿಲ್ಲ, ಗಾತ್ರ ಮಾತ್ರ ಗೊತ್ತು. ಎರಡನೆಯ ಸುದ್ದಿ ಸಣ್ಣ ಕರುಳಿನಿಂದ ಹೋಗುತ್ತದೆ. ಪ್ರೊಟೀನ್, ಕೊಬ್ಬು ಮತ್ತು ನಿಧಾನವಾಗಿ ಜೀರ್ಣವಾಗುವ ಪಿಷ್ಟ ಕರುಳನ್ನು ಮುಟ್ಟಿದಾಗ ಅಲ್ಲಿಂದ ಜಿಎಲ್‌ಪಿ-1, ಪಿವೈವೈ ಮೊದಲಾದ ಹಾರ್ಮೋನುಗಳು ಹೊರಟು, ಜಠರ ಖಾಲಿಯಾಗುವುದನ್ನು ತಡಮಾಡುತ್ತವೆ ಮತ್ತು ಮಿದುಳಿನಲ್ಲಿ ತೃಪ್ತಿಯ ಭಾವ ಮೂಡಿಸುತ್ತವೆ. ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಬೇಕಾಗುತ್ತದೆ. ಗಂಟೆ ಬಾರಿಸುವ ಮೊದಲು ಐದು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡುವ ಶಿಕ್ಷಕಿಯರಿಗೆ ಆ ಸುದ್ದಿ ತಲುಪುವ ಹೊತ್ತಿಗೆ ಊಟವೇ ಮುಗಿದಿರುತ್ತದೆ. ಇವೆರಡರ ಜೊತೆಗೆ ಮೈಯ ಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ದೀರ್ಘಕಾಲದ ದಾಸ್ತಾನಿನ ಲೆಕ್ಕವನ್ನು ಮಿದುಳಿಗೆ ಒಪ್ಪಿಸುತ್ತಿರುತ್ತದೆ. ತೂಕ ಇಳಿದಾಗ ಲೆಪ್ಟಿನ್ ಕುಗ್ಗುತ್ತದೆ, ಹಸಿವು ಹುಟ್ಟಿಸುವ ಘ್ರೆಲಿನ್ ಏರುತ್ತದೆ. 2011ರಲ್ಲಿ ಆಸ್ಟ್ರೇಲಿಯದ ಸಂಶೋಧಕರು, ಹತ್ತು ವಾರ ಅತಿ ಕಡಿಮೆ ಆಹಾರ ತಿಂದು ತೂಕ ಇಳಿಸಿಕೊಂಡವರಲ್ಲಿ ಈ ಏರುಪೇರು ಒಂದು ವರ್ಷದ ನಂತರವೂ ಸರಿಹೋಗಿರಲಿಲ್ಲ ಎಂದು ತೋರಿಸಿದರು. ಉಪವಾಸ ಬಿದ್ದು ಇಳಿಸಿದ ತೂಕ ಮರಳಿ ಬಂದಾಗ ಹೆಣ್ಣುಮಕ್ಕಳು ತಮ್ಮ ಮನಸ್ಸು ಗಟ್ಟಿಯಿಲ್ಲವೆಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಬೈದುಕೊಳ್ಳಬೇಡಿ. ಅದು ದೇಹ ತನ್ನ ದಾಸ್ತಾನನ್ನು ಕಾಯುವ ರೀತಿ.

ಯಾವ ಆಹಾರ ಎಷ್ಟು ಹೊಟ್ಟೆ ತುಂಬಿಸುತ್ತದೆ ಎಂಬುದನ್ನು ನೇರವಾಗಿಯೇ ಅಳೆದ ಪ್ರಯೋಗವೊಂದಿದೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಆಹಾರಗಳನ್ನು ತಲಾ 240 ಕ್ಯಾಲೊರಿಯಷ್ಟು ಕೊಟ್ಟು, ಮುಂದಿನ ಎರಡು ತಾಸು ಹಸಿವು ಹೇಗಿತ್ತೆಂದು ತಿಂದವರಿಂದಲೇ ದಾಖಲಿಸಿಕೊಂಡರು. ಬಿಳಿ ಬ್ರೆಡ್ಡಿಗೆ 100 ಅಂಕವೆಂದು ಇಟ್ಟುಕೊಂಡಾಗ ಬೇಯಿಸಿದ ಬಟಾಟಿಗೆ 323 ಬಂದಿತು, ಕ್ರೋಸಾಂ ಎಂಬ ಬೆಣ್ಣೆ ತುಂಬಿದ ಬೇಕರಿ ತಿನಿಸಿಗೆ 47 ಮಾತ್ರ. ಒಂದೇ ಕ್ಯಾಲೊರಿ, ತೃಪ್ತಿಯಲ್ಲಿ ಸುಮಾರು ಏಳು ಪಟ್ಟು ವ್ಯತ್ಯಾಸ. ತೂಕದವರು ಮುಟ್ಟಲೇಬಾರದೆಂದು ನಮ್ಮಲ್ಲಿ ಹೇಳುವ ಬಟಾಟಿಯೇ ಮೊದಲ ಸ್ಥಾನಕ್ಕೆ ಬಂದಿರುವುದನ್ನು ಗಮನಿಸಿ. ಅದು ನೀರಿನಿಂದ ತುಂಬಿದ, ಎಣ್ಣೆ ಸೋಕದ ಬಟಾಟಿ. ಅದನ್ನೇ ಕರಿದು ಚಿಪ್ಸ್ ಮಾಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸಾಮಾನ್ಯವಾಗಿ ಹೇಳುವುದಾದರೆ ನೀರು, ನಾರು ಮತ್ತು ಪ್ರೊಟೀನ್ ಹೆಚ್ಚಿರುವ ಆಹಾರಗಳಿಗೆ ಮೇಲಿನ ಅಂಕಗಳು ದೊರೆತವು, ಕೊಬ್ಬು ಹೆಚ್ಚಿದ ಮೆತ್ತನೆಯ ತಿನಿಸುಗಳಿಗೆ ಕೆಳಗಿನವು.

ಪ್ರೊಟೀನಿನ ಮಾತನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ನಮ್ಮ ಭಾಗದ ಹೆಣ್ಣುಮಕ್ಕಳ ಊಟದಲ್ಲಿ ಅದೇ ಮೊದಲು ಕಡಿಮೆ ಬೀಳುತ್ತದೆ. ಹಸಿವನ್ನು ತಡೆಯುವುದರಲ್ಲಿ ಪ್ರೊಟೀನಿಗೆ ಪಿಷ್ಟವಾಗಲಿ ಕೊಬ್ಬಾಗಲಿ ಸಮವಲ್ಲ. ಅದರ ಕ್ಯಾಲೊರಿಯಲ್ಲಿ ಶೇಕಡಾ 20ರಿಂದ 30ರಷ್ಟು ಅದನ್ನು ಅರಗಿಸುವುದಕ್ಕೇ ಖರ್ಚಾಗುತ್ತದೆ. ಪಿಷ್ಟದಲ್ಲಿ ಆ ಖರ್ಚು ಶೇಕಡಾ 5ರಿಂದ 10, ಕೊಬ್ಬಿನಲ್ಲಿ ಇನ್ನೂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು, ಅಂದರೆ ನಿಮಗೆ ಸುಮಾರು 55 ಗ್ರಾಂ. ಮುಂಜಾನೆ ಒಂದು ತಾಟು ಉಪ್ಪಿಟ್ಟು ಅಥವಾ ಅವಲಕ್ಕಿ ತಿಂದು ಶಾಲೆಗೆ ಹೋದವರಿಗೆ ಹನ್ನೊಂದು ಗಂಟೆಗೇ ಹೊಟ್ಟೆ ಚುರುಗುಟ್ಟುವುದಕ್ಕೆ ಕಾರಣ ಇಲ್ಲಿದೆ. ಅದೇ ಅವಲಕ್ಕಿಯನ್ನು ಅರ್ಧಕ್ಕಿಳಿಸಿ, ಒಂದು ಬಟ್ಟಲು ಮೊಳಕೆ ಬಂದ ಮಡಕಿ ಕಾಳು ಅಥವಾ ಎರಡು ಬೇಯಿಸಿದ ತತ್ತಿ ಸೇರಿಸಿಕೊಂಡರೆ ಮಧ್ಯಾಹ್ನದವರೆಗೆ ನಿಭಾಯಿಸಬಹುದು.

ಈಗ ನಿಮ್ಮ ಪಟ್ಟಿ. ಮೆಂತ್ಯೆಯಲ್ಲಿ ಸತ್ವವಿದೆ. ಅದರ ಕಾಳಿನಲ್ಲಿರುವ ಲೋಳೆಯಂಥ ಕರಗುವ ನಾರು ಜಠರದಲ್ಲಿ ನೀರನ್ನು ಹಿಡಿದುಕೊಂಡು ಉಬ್ಬುತ್ತದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮುಂಜಾನೆಯ ಉಪಾಹಾರದ ಜೊತೆ 8 ಗ್ರಾಂ ಮೆಂತ್ಯೆಯ ನಾರು ಕೊಟ್ಟಾಗ ಸ್ಥೂಲ ದೇಹದವರಿಗೆ ಹಸಿವು ಕಡಿಮೆಯೆನಿಸಿತು. ಆದರೆ ಅದು ಬೇರ್ಪಡಿಸಿದ ನಾರು. ನೆನೆಸಿ ಬಸಿದ ನೀರಿನಲ್ಲಿ ಅದರ ಬಹಳ ಸ್ವಲ್ಪ ಭಾಗ ಮಾತ್ರ ಇರುತ್ತದೆ, ಕಾಳು ತಳದಲ್ಲಿಯೇ ಉಳಿಯುತ್ತದೆ. ನೀರು ಕುಡಿದು ಕಾಳು ಚೆಲ್ಲುವವರು ಬೇಕಾದುದನ್ನೇ ಚೆಲ್ಲುತ್ತಿದ್ದಾರೆ. ತಿನ್ನುವುದಾದರೆ ನೆನೆದ ಕಾಳನ್ನೇ ಒಂದು ಚಮಚದಷ್ಟು ಅಗಿದು ತಿನ್ನಿ. ಮೆಂತ್ಯೆ ರಕ್ತದ ಸಕ್ಕರೆಯನ್ನೂ ಇಳಿಸುವುದರಿಂದ ಮಧುಮೇಹದ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ಆರಂಭಿಸಬೇಕು. ಗರ್ಭಿಣಿಯರು ಔಷಧದ ಪ್ರಮಾಣದಲ್ಲಿ ತಿನ್ನಬಾರದು. ಅಗಸಿಯದೂ ಹೆಚ್ಚುಕಡಿಮೆ ಇದೇ ಗುಣ. ಹುರಿದು ಪುಡಿ ಮಾಡಿದ ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ನಮ್ಮ ಮನೆಗಳಲ್ಲಿ ಹೇಗೂ ಇರುತ್ತದೆ. ಗ್ರೀನ್ ಟೀಯಿಂದ ಇಳಿಯುವ ತೂಕ ಲೆಕ್ಕಕ್ಕೆ ಬರುವಷ್ಟಿಲ್ಲವೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ಎಂಬ ಸಂಶೋಧಕರ ಬಳಗದ 2012ರ ವಿಮರ್ಶೆ ಹೇಳಿತು. ಸಕ್ಕರೆ ಹಾಕಿದ ಚಹಾದ ಬದಲು ಕುಡಿದರೆ ಆ ಸಕ್ಕರೆ ತಪ್ಪುತ್ತದೆ, ಅಷ್ಟೇ ಲಾಭ. ಜೀರಿಗೆ ನೀರಿನ ಬಗ್ಗೆಯೂ ಇಷ್ಟೇ ಹೇಳಬಲ್ಲೆ.

ನಿಮ್ಮ ನಿಜವಾದ ತೊಂದರೆ ಸಂಜೆಯ ಐದು ಗಂಟೆಯದು. ಆ ಹೊತ್ತಿಗೆ ಏನನ್ನೂ ತಿನ್ನಬಾರದೆಂದು ನಾನು ಹೇಳುವುದಿಲ್ಲ, ಏಕೆಂದರೆ ಆ ಹಸಿವು ನಿಜವಾದದ್ದು. ಮನೆ ಸೇರಿದ ಕೂಡಲೇ ಸವತಿಕಾಯಿ, ಗಜ್ಜರಿ ಅಥವಾ ಒಂದು ಪೇರಲ ಹಣ್ಣನ್ನು ಕಚ್ಚಿ ತಿಂದು, ದೊಡ್ಡ ಲೋಟ ಮಜ್ಜಿಗೆ ಕುಡಿಯಿರಿ. ಅದರೊಂದಿಗೆ ಒಂದು ಮುಷ್ಟಿ ಹುರಿಗಡಲೆ. ಹಣ್ಣನ್ನು ರಸ ಮಾಡಬೇಡಿ. ಅಮೆರಿಕದಲ್ಲಿ ಬಾರ್ಬರಾ ರೋಲ್ಸ್ ಅವರ ತಂಡ ಊಟಕ್ಕೆ ಮುಂಚೆ ಇಡೀ ಸೇಬು ಕೊಟ್ಟಾಗ ಜನ ಸುಮಾರು ಶೇಕಡಾ 15ರಷ್ಟು ಕಡಿಮೆ ತಿಂದರು. ಅಷ್ಟೇ ಕ್ಯಾಲೊರಿಯ ಸೇಬಿನ ರಸ ಕುಡಿದವರಲ್ಲಿ ಆ ಪರಿಣಾಮ ಕಾಣಲಿಲ್ಲ. ಸಂಜೆಯ ಚುರುಮುರಿಯನ್ನು ಪೂರ್ತಿ ಬಿಡಬೇಕೆಂದೂ ಇಲ್ಲ. ಸೂಸಲಾ ಮಾಡುವಾಗ ಎಣ್ಣೆಯನ್ನು ಅರ್ಧಕ್ಕಿಳಿಸಿ ಹಸಿ ಉಳ್ಳಾಗಡ್ಡಿ, ಟೊಮೆಟೊ ಮತ್ತು ನೆನೆಸಿದ ಹೆಸರುಕಾಳು ಹೆಚ್ಚಿಸಿ. ಡಬ್ಬಿಯಲ್ಲಿ ಬಿಸ್ಕಿಟು ಮತ್ತು ಅಂಗಡಿ ಖಾರಾ ಇಲ್ಲದಿರುವುದು ಒಳ್ಳೆಯದು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅವರು 20 ಜನರನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ತಯಾರಿ ಆಹಾರವನ್ನೂ ಎರಡು ವಾರ ಸಾದಾ ಅಡುಗೆಯನ್ನೂ ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ ಆಹಾರದಲ್ಲಿ ಸಕ್ಕರೆ, ಕೊಬ್ಬು, ನಾರು ಎಲ್ಲವೂ ಸಮನಾಗಿದ್ದರೂ ತಯಾರಿ ಆಹಾರದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಸುಮಾರು ಒಂದು ಕಿಲೊ ಏರಿತು. ಹಸಿವು ತಡೆಯುವ ಆಹಾರವನ್ನು ಹುಡುಕುವುದಕ್ಕಿಂತ ಹಸಿವು ಮೀರಿ ತಿನ್ನಿಸುವ ಆಹಾರವನ್ನು ಮನೆಯಿಂದ ದೂರವಿಡುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಎತ್ತರಕ್ಕೆ ನಿಮ್ಮ ದೇಹತೂಕ ಸೂಚ್ಯಂಕ (ಬಿಎಂಐ) ಸುಮಾರು 28.7. ಭಾರತೀಯರಿಗೆ 23ರಿಂದ ಅಧಿಕ ತೂಕ, 25ರಿಂದ ಸ್ಥೂಲತೆ ಎಂದು ಎಣಿಸುತ್ತಾರೆ. ಆದ್ದರಿಂದ ಇಳಿಸುವುದು ಒಳ್ಳೆಯದೇ, ಆದರೆ ಮೊದಲ ಗುರಿ 3ರಿಂದ 4 ಕಿಲೊ ಇರಲಿ. ದೇಹತೂಕದ ಶೇಕಡಾ 5ರಷ್ಟು ಇಳಿದರೂ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಗುಣ ಕಾಣತೊಡಗುತ್ತದೆ. ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ. ರಾತ್ರಿ ಎಷ್ಟು ನಿದ್ದೆ ಮಾಡುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಶಿಕಾಗೋದ ಸಂಶೋಧಕರು 2022ರಲ್ಲಿ, ಕಡಿಮೆ ನಿದ್ದೆ ಮಾಡುವ ಅಧಿಕ ತೂಕದವರ ನಿದ್ದೆಯನ್ನು ರಾತ್ರಿಗೆ ಒಂದು ತಾಸಿಗಿಂತ ಸ್ವಲ್ಪ ಹೆಚ್ಚಿಸಿದಾಗ, ಊಟದ ಬಗ್ಗೆ ಏನನ್ನೂ ಹೇಳದಿದ್ದರೂ ಅವರು ದಿನಕ್ಕೆ ಸರಾಸರಿ 270 ಕ್ಯಾಲೊರಿ ಕಡಿಮೆ ತಿಂದರೆಂದು ಕಂಡುಕೊಂಡರು. ನಸುಕಿನಲ್ಲೆದ್ದು ಅಡುಗೆ ಮುಗಿಸಿ, ರಾತ್ರಿ ಉತ್ತರಪತ್ರಿಕೆ ತಿದ್ದುವ ತಾಯಂದಿರಿಗೆ ಇದು ಸುಲಭವಲ್ಲ ಎಂದು ನನಗೆ ಗೊತ್ತು. ಮನೆಯ ಉಳಿದವರು ಈ ಸಾಲನ್ನು ಓದಲಿ ಎಂದೇ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಹೊತ್ತೂ ಚಪಾತಿ ಮತ್ತು ಅನ್ನ. ಚಪಾತಿ ಬಿಟ್ಟು ಜೋಳದ ರೊಟ್ಟಿ ತಿಂದರೆ ತೂಕ ತಾನಾಗಿಯೇ ಇಳಿಯುತ್ತದೆಂದು ಗೆಳೆಯರು ಹೇಳುತ್ತಾರೆ. ಜೋಳದಲ್ಲಿ ಕ್ಯಾಲೊರಿ ಇಲ್ಲವೇ? (ಜಮಖಂಡಿಯ ಸಕ್ಕರೆ ಕಾರ್ಖಾನೆಯ ನೌಕರರೊಬ್ಬರು)

ಉತ್ತರ: ಜೋಳದ ಮೇಲೆ ನನಗೂ ಅಭಿಮಾನವಿದೆ, ಆದರೆ ಅಂಕಿ ಅಂಕಿಯೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೊಟೀನ್, 10 ಗ್ರಾಂ ನಾರು ಇವೆ. ಹೊಟ್ಟು ತೆಗೆಯದ ಗೋಧಿ ಹಿಟ್ಟಿನ ಲೆಕ್ಕವೂ ಇದಕ್ಕೆ ಬಹಳ ಹತ್ತಿರವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮಾತ್ರ ನಾರು 3 ಗ್ರಾಮಿಗಿಂತ ಕಡಿಮೆ. ಹೀಗಾಗಿ ಅನ್ನದ ಬದಲು ರೊಟ್ಟಿ ತಿಂದರೆ ನಾರು ಬಹಳಷ್ಟು ಹೆಚ್ಚುತ್ತದೆ, ಚಪಾತಿಯ ಬದಲು ತಿಂದರೆ ಹಿಟ್ಟಿನ ಮಟ್ಟಿಗೆ ಹೆಚ್ಚಿನ ವ್ಯತ್ಯಾಸವಿಲ್ಲ.

ಹಾಗಿದ್ದರೂ ನಿಮ್ಮ ಗೆಳೆಯರ ಮಾತು ಪೂರ್ತಿ ಸುಳ್ಳಲ್ಲ. ರೊಟ್ಟಿಯನ್ನು ಬಿಸಿನೀರಿನಲ್ಲಿ ಹಿಟ್ಟು ನಾದಿ, ಬಡಿದು, ನೀರು ಸವರಿ ಹಂಚಿನ ಮೇಲೆ ಸುಡುತ್ತಾರೆ. ಒಂದು ಹನಿ ಎಣ್ಣೆ ಬೇಕಾಗಿಲ್ಲ. ಚಪಾತಿಯನ್ನು ಎಣ್ಣೆ ಸವರಿ ಮಡಿಸಿ ಲಟ್ಟಿಸಿ, ಬೇಯಿಸುವಾಗ ಮತ್ತೆ ಎಣ್ಣೆ ಹಾಕುವ ರೂಢಿ ನಮ್ಮಲ್ಲಿದೆ. ಒಂದು ಚಿಕ್ಕ ಚಮಚ ಎಣ್ಣೆಗೆ ಸುಮಾರು 40 ಕ್ಯಾಲೊರಿ. ನಾಲ್ಕು ಚಪಾತಿಗೆ ಲೆಕ್ಕ ಹಾಕಿ ನೋಡಿ. ಜೋಳದ ಪ್ರೊಟೀನು ಬೇಯಿಸಿದಾಗ ಬಿಗಿಯಾಗಿ ಪಿಷ್ಟದ ಕಣಗಳನ್ನು ಸುತ್ತುವರಿಯುವುದರಿಂದ ಅದು ನಿಧಾನವಾಗಿ ಅರಗುತ್ತದೆ. ಇನ್ನು ಕಟಕ್ ರೊಟ್ಟಿಯನ್ನಂತೂ ಅಗಿಯದೆ ನುಂಗಲಾಗದು, ಊಟ ತಾನಾಗಿಯೇ ನಿಧಾನವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ರೊಟ್ಟಿಯ ಜೊತೆಗೆ ಬರುವ ಬಳಗವೇ ಬೇರೆ: ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯೆ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ, ಮೊಸರು. ಡೋಣಿ ಹೊಳೆಯ ಎರೆಭೂಮಿಯ ಬಿಳಿಜೋಳ ಉಂಡು ಹೊಲದಲ್ಲಿ ದುಡಿದವರ ತಾಟಿನಲ್ಲಿ ಇವೆಲ್ಲ ಇದ್ದವು. ನಾಲ್ಕು ರೊಟ್ಟಿಗೆ ಬರೀ ಶೇಂಗಾ ಹಿಂಡಿ ಮತ್ತು ಎಣ್ಣೆ ಕಲಸಿಕೊಂಡು ಉಂಡು, ಹಗಲೆಲ್ಲ ಕುಳಿತು ಕೆಲಸ ಮಾಡುವವರಿಗೆ ಆ ಜೋಳ ತೂಕ ಇಳಿಸಿಕೊಡಲಾರದು. ಶೇಂಗಾ ಒಳ್ಳೆಯ ಆಹಾರ, ಹೊಟ್ಟೆಯನ್ನೂ ತುಂಬಿಸುತ್ತದೆ. ಆದರೆ 100 ಗ್ರಾಮಿಗೆ 500 ಕ್ಯಾಲೊರಿಗೂ ಮೇಲಿದೆ. ದಿನಕ್ಕೆ ಎರಡು ಚಮಚ ಹಿಂಡಿ ಸಾಕು.

ಎರಡು ರೊಟ್ಟಿ, ಅದಕ್ಕಿಂತ ಹೆಚ್ಚು ಜಾಗ ಹಿಡಿಯುವಷ್ಟು ಪಲ್ಯ ಮತ್ತು ಕಾಳು, ಒಂದು ಬಟ್ಟಲು ಮೊಸರು. ಅನ್ನ ಬೇಕೇ ಬೇಕೆನಿಸಿದರೆ ಕೊನೆಯಲ್ಲಿ ಒಂದು ಸೌಟು. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಬೇಡಿ. ಒಂದು ವಿಷಯ ನೀವು ಕೇಳಿಲ್ಲ, ಆದರೆ ಹೇಳುತ್ತೇನೆ: ಸಕ್ಕರೆ ಬಿಟ್ಟು ಬೆಲ್ಲದ ಚಹಾ ಹಿಡಿದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ಮಹಾಲಿಂಗಪುರದ ಬೆಲ್ಲವಾದರೂ ಅದರ ಕ್ಯಾಲೊರಿ ಸಕ್ಕರೆಗೆ ಬಹಳ ಸಮೀಪವೇ ಇದೆ.

ಪ್ರಶ್ನೆ: ನಾನು ಬೆಳಗಾವಿಯ ಟಿಳಕವಾಡಿಯವನು. ವ್ಯಾಯಾಮಶಾಲೆಯ ಗೆಳೆಯರೊಬ್ಬರು ಗಾರ್ಸೀನಿಯಾ ಎಂಬ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಅದು ನಮ್ಮ ಪಶ್ಚಿಮ ಘಟ್ಟದ ಉಪ್ಪಾಗೆ ಕಾಯಿಯದೇ, ಸಂಪೂರ್ಣ ನೈಸರ್ಗಿಕ, ಹಸಿವೆಯೇ ಆಗುವುದಿಲ್ಲ ಎನ್ನುತ್ತಾರೆ. ಸೇಬಿನ ವಿನೆಗರ್ ಕೂಡ ಕುಡಿಯಲು ಹೇಳಿದ್ದಾರೆ. ತೆಗೆದುಕೊಳ್ಳಬಹುದೇ?

ಉತ್ತರ: ಕ್ಯಾಪ್ಸೂಲ್ ಬೇಡ. ಉಪ್ಪಾಗೆಯ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಕೊಬ್ಬು ತಯಾರಾಗುವ ಒಂದು ಕಿಣ್ವವನ್ನು ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡದ್ದರಿಂದ ಈ ವ್ಯಾಪಾರ ಹುಟ್ಟಿಕೊಂಡಿತು. ಮನುಷ್ಯರಲ್ಲಿ ಅದನ್ನು ಪರೀಕ್ಷಿಸಿದ ಪ್ರಸಿದ್ಧ ಪ್ರಯೋಗ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು: 135 ಜನರಿಗೆ 12 ವಾರ ಕೊಟ್ಟು ನೋಡಿದಾಗ, ಗಾರ್ಸೀನಿಯಾ ತೆಗೆದುಕೊಂಡವರು ಸರಾಸರಿ 3.2 ಕಿಲೊ ಇಳಿದರೆ, ಔಷಧವಿಲ್ಲದ ಹುಸಿಗುಳಿಗೆ ತೆಗೆದುಕೊಂಡವರು 4.1 ಕಿಲೊ ಇಳಿದಿದ್ದರು. ಇಬ್ಬರಿಗೂ ತೂಕ ಇಳಿಸಿದ್ದು ಜೊತೆಗೆ ಕೊಟ್ಟ ಪಥ್ಯ. ಗಾರ್ಸೀನಿಯಾ ಬೆರೆತ ಉತ್ಪನ್ನಗಳಿಂದ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಡುಗೆಗೆ ಹುಳಿಯಾಗಿ ನಾಲ್ಕು ಎಸಳು ಉಪ್ಪಾಗೆಯನ್ನೋ ಅಮಸೂಲವನ್ನೋ ಹಾಕುವುದರಲ್ಲಿ ಭಯವಿಲ್ಲ. ಅದರ ಸಾರವನ್ನು ಭಟ್ಟಿಯಿಳಿಸಿ ತಿಂಗಳುಗಟ್ಟಲೆ ನುಂಗುವುದು ಬೇರೆಯ ಸಂಗತಿ.

ಇನ್ನೂ ಒಂದು ಕಾರಣಕ್ಕೆ ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಸಿಬುಟ್ರಾಮಿನ್ ಎಂಬ ಹಸಿವು ಕುಗ್ಗಿಸುವ ಔಷಧವು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆಂದು ತಿಳಿದುಬಂದ ಮೇಲೆ 2010ರಲ್ಲಿ ಅನೇಕ ದೇಶಗಳ ಮಾರುಕಟ್ಟೆಯಿಂದ ಹೊರಹೋಯಿತು. ಭಾರತವೂ 2011ರಲ್ಲಿ ಅದನ್ನು ನಿಷೇಧಿಸಿತು. ಆದರೆ ಗಿಡಮೂಲಿಕೆಯದೆಂದು ಮಾರುವ ತೂಕ ಇಳಿಸುವ ಗುಳಿಗೆ ಮತ್ತು ಪುಡಿಗಳಲ್ಲಿ ಅದನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಗಿಡಮೂಲಿಕೆಯ ಪುಡಿ ತಿಂದ ಎರಡನೆಯ ದಿನವೇ ಹಸಿವು ಸತ್ತುಹೋಗಿ ಎದೆ ಡವಗುಟ್ಟತೊಡಗಿದರೆ, ಅದರಲ್ಲಿ ಹೇಳದೇ ಇರುವುದೇನೋ ಸೇರಿದೆ ಎಂದು ಅನುಮಾನಿಸಿ, ಕೂಡಲೇ ನಿಲ್ಲಿಸಿ, ಆ ಡಬ್ಬಿಯೊಂದಿಗೇ ವೈದ್ಯರ ಬಳಿ ಹೋಗಿ.

ವಿನೆಗರ್ ಕುರಿತು: 2009ರಲ್ಲಿ ಜಪಾನಿನಲ್ಲಿ 155 ಜನರ ಮೇಲೆ ನಡೆದ 12 ವಾರಗಳ ಪ್ರಯೋಗದಲ್ಲಿ ಒಂದರಿಂದ ಎರಡು ಕಿಲೊ ಇಳಿಕೆ ಕಂಡಿತು. ಅದಕ್ಕಿಂತ ಹೆಚ್ಚಿನ ಇಳಿಕೆ ತೋರಿಸಿ 2024ರಲ್ಲಿ ದೊಡ್ಡ ಸುದ್ದಿಯಾದ ಲೆಬನಾನಿನ ಅಧ್ಯಯನವನ್ನು, ಅದರ ಅಂಕಿಅಂಶಗಳು ನಂಬಲರ್ಹವಲ್ಲವೆಂದು, ಪ್ರಕಟಿಸಿದ ಪತ್ರಿಕೆಯೇ 2025ರಲ್ಲಿ ಹಿಂತೆಗೆದುಕೊಂಡಿತು. ವಿನೆಗರ್ ಹಲ್ಲಿನ ಹೊರಕವಚವನ್ನು ಸವೆಸುತ್ತದೆ, ಆಮ್ಲಪಿತ್ತ ಇದ್ದವರಿಗೆ ಉರಿ ಹೆಚ್ಚಿಸುತ್ತದೆ. ಆ ಹಣಕ್ಕೆ ಒಂದು ವಾರದ ತತ್ತಿ ಅಥವಾ ಕಾಳು ಬರುತ್ತದೆ.

ಪ್ರಶ್ನೆ: ಸೋಮವಾರ ಮತ್ತು ಏಕಾದಶಿಗೆ ತಪ್ಪದೆ ಉಪವಾಸ ಮಾಡುತ್ತೇನೆ. ಆದರೂ ತೂಕ ಏರುತ್ತಲೇ ಇದೆ. ಮಧುಮೇಹಕ್ಕೆ ಗುಳಿಗೆ ನಡೆದಿದೆ. (ವಿಜಯಪುರದ ಹಿರಿಯ ಮಹಿಳೆ)

ಉತ್ತರ: ಅಮ್ಮಾ, ಮೊದಲು ಗುಳಿಗೆಯ ಮಾತು. ಕೆಲವು ಮಧುಮೇಹದ ಗುಳಿಗೆಗಳನ್ನು ಹಾಗೂ ಇನ್ಸುಲಿನ್ ಅನ್ನು ಉಪವಾಸದ ದಿನ ಎಂದಿನ ಪ್ರಮಾಣದಲ್ಲಿಯೇ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಿಮ್ಮ ವೈದ್ಯರಿಗೆ ಉಪವಾಸದ ದಿನಗಳನ್ನು ಹೇಳಿ, ಆ ದಿನದ ಪ್ರಮಾಣವನ್ನು ಬರೆಸಿಕೊಳ್ಳಿ. ಬೆವರು, ನಡುಕ, ಕಣ್ಣಿಗೆ ಕತ್ತಲೆ ಬಂದರೆ ವ್ರತವನ್ನು ಅಲ್ಲಿಗೇ ಬಿಟ್ಟು ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ದೇವರು ಖಂಡಿತ ಬೇಸರ ಮಾಡಿಕೊಳ್ಳುವುದಿಲ್ಲ.

ತೂಕ ಏರುವ ಕಾರಣ ಬಹುಶಃ ಫರಾಳದಲ್ಲಿದೆ. ಸಾಬೂದಾಣಿ ಎಂದರೆ ಬಹುತೇಕ ಬರೀ ಪಿಷ್ಟ. 100 ಗ್ರಾಮಿನಲ್ಲಿ 350 ಕ್ಯಾಲೊರಿಯಷ್ಟಿದ್ದು ಪ್ರೊಟೀನ್ ಒಂದು ಗ್ರಾಮೂ ಇರುವುದಿಲ್ಲ, ನಾರೂ ಇಲ್ಲವೆನ್ನುವಷ್ಟು. ಅದಕ್ಕೆ ಶೇಂಗಾ ಪುಡಿ ಮತ್ತು ತುಪ್ಪ ಸೇರಿ ಖಿಚಡಿಯಾದಾಗ ಒಂದು ತಾಟು ಒಂದು ಊಟವನ್ನೇ ಮೀರಿಸುತ್ತದೆ. ಸಕ್ಕರೆ ಬೇಗ ಏರಿಸಿ ಬೇಗ ಹಸಿವನ್ನೂ ತರುತ್ತದೆ. ಬೇಯಿಸಿದ ಒಂದು ಗೆಣಸು ಅಥವಾ ಬಟಾಟಿ ಮೊಸರಿನೊಂದಿಗೆ, ರಾಜಗಿರಿ ಸೊಪ್ಪು, ಒಂದು ಪೇರಲ, ಸಪ್ಪೆ ಮಜ್ಜಿಗೆ ಇವು ಉಪವಾಸಕ್ಕೂ ನಡೆಯುತ್ತವೆ, ಹೊಟ್ಟೆಯನ್ನೂ ಹಿಡಿದಿಡುತ್ತವೆ. ನಮ್ಮ ಜಿಲ್ಲೆಯ ಒಣದ್ರಾಕ್ಷಿಯನ್ನು ಉಪವಾಸದಲ್ಲಿ ಮುಷ್ಟಿಗಟ್ಟಲೆ ತಿನ್ನುವ ರೂಢಿಯಿದೆ. ನೀರಾರಿದ ದ್ರಾಕ್ಷಿಯಲ್ಲಿ ತೂಕಕ್ಕೆ ತೂಕ ಹಸಿ ದ್ರಾಕ್ಷಿಯ ನಾಲ್ಕೈದು ಪಟ್ಟು ಸಕ್ಕರೆ ಇರುತ್ತದೆ; ನಿಮಗೆ ಹತ್ತು ಕಾಳು ಸಾಕು. ಮಾರನೆಯ ದಿನ ಪಾರಣೆಯ ಹೋಳಿಗೆಯಲ್ಲಿ ಹಿಂದಿನ ದಿನದ ಉಳಿತಾಯವೆಲ್ಲ ಹೋಗದಂತೆ ನೋಡಿಕೊಳ್ಳಿ.

ಇಂತಿಷ್ಟೇ ತಾಸಿನೊಳಗೆ ಊಟ ಮುಗಿಸುವ ಹೊಸ ಬಗೆಯ ಉಪವಾಸದ ಬಗ್ಗೆಯೂ ಹಲವರು ಬರೆದಿದ್ದಾರೆ. ಚೀನಾದ ಗ್ವಾಂಗ್‌ಝೌದಲ್ಲಿ 139 ಜನರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಯಾಲೊರಿ ಕಡಿಮೆ ಮಾಡಿದ್ದವರಿಗೆ ತಾಸಿನ ಕಟ್ಟುಪಾಡಿನಿಂದ ಗಮನಾರ್ಹವಾದ ಹೆಚ್ಚಿನ ಲಾಭ ಕಾಣಲಿಲ್ಲ. ರೂಢಿಗೆ ಒಗ್ಗುವವರು ಮಾಡಲಿ.

ಪ್ರಶ್ನೆ: ಊಟಕ್ಕೆ ಮುಂಚೆ ನೀರು ಕುಡಿದರೆ ಹಸಿವು ಕಡಿಮೆಯಾಗುತ್ತದೆಯೇ? (ಗೋಕಾಕದ ಓದುಗರು)

ಉತ್ತರ: ಮಧ್ಯವಯಸ್ಸು ದಾಟಿದವರಲ್ಲಿ ಸ್ವಲ್ಪ ಆಗುತ್ತದೆ. 2010ರ ಅಮೆರಿಕದ ಒಂದು ಪ್ರಯೋಗದಲ್ಲಿ, ಪಥ್ಯದಲ್ಲಿದ್ದವರು ಪ್ರತಿ ಊಟಕ್ಕೆ ಮುಂಚೆ ಅರ್ಧ ಲೀಟರ್ ನೀರು ಕುಡಿದಾಗ 12 ವಾರಗಳಲ್ಲಿ ಉಳಿದವರಿಗಿಂತ ಸುಮಾರು ಎರಡು ಕಿಲೊ ಹೆಚ್ಚು ಇಳಿದರು. ಆದರೆ ಬರೀ ನೀರು ಜಠರದಿಂದ ಬೇಗ ಹರಿದುಹೋಗುತ್ತದೆ, ಆಹಾರದೊಳಗೇ ಬೆರೆತ ನೀರು ನಿಲ್ಲುತ್ತದೆ. ಹುರಳಿ ಕಟ್ಟಿನ ಸಾರನ್ನೋ ತೆಳ್ಳಗಿನ ಜೋಳದ ಅಂಬಲಿಯನ್ನೋ ಮೊದಲು ಒಂದು ಬಟ್ಟಲು ಕುಡಿದು ಊಟಕ್ಕೆ ಕೂಡುವುದು ನೀರಿಗಿಂತ ಮೇಲು. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಇದನ್ನು ಮಾಡಬಾರದು.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ತೂಕ 47 ಕಿಲೊ ಇದ್ದರೂ ದಪ್ಪಗಾಗಿದ್ದೇನೆಂದು ರಾತ್ರಿ ಊಟ ಬಿಟ್ಟಿದ್ದಾಳೆ. ಹಸಿವಾದಾಗ ಕರಿ ಕಾಫಿ ಕುಡಿಯುತ್ತಾಳೆ. ಅವಳಿಗೆ ಹಸಿವು ತಡೆಯುವ ಒಳ್ಳೆಯ ಆಹಾರ ತಿಳಿಸಿ. (ಬೈಲಹೊಂಗಲದ ತಾಯಿ)

ಉತ್ತರ: ತಂಗೀ, ಅವಳಿಗೆ ಬೇಕಾದದ್ದು ಹಸಿವು ತಡೆಯುವ ಆಹಾರವಲ್ಲ, ಊಟ. ಮೂಳೆ ಗಟ್ಟಿಯಾಗುವ, ಪ್ರತಿ ತಿಂಗಳು ರಕ್ತ ಹೋಗುವ ವಯಸ್ಸು ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇಕಡಾ 59 ಮಂದಿಗೆ ರಕ್ತಹೀನತೆಯಿದೆ. ಊಟದ ಹೊತ್ತಿಗೆ ಕಾಫಿ ಕುಡಿದರೆ ಆಹಾರದ ಕಬ್ಬಿಣಾಂಶವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮುಟ್ಟು ನಿಂತಿದೆಯೇ, ಕೂದಲು ಉದುರುತ್ತಿದೆಯೇ, ಊಟವಾದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದಾಳೆಯೇ ಎಂಬುದನ್ನು ಗದರಿಸದೆ ವಿಚಾರಿಸಿ. ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಿ. ಮನಸ್ಸಿನ ವಿಷಯ ಮಾತಾಡಲು 14416 ಸಂಖ್ಯೆಯ ಟೆಲಿಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ, ಹಣವಿಲ್ಲದೆ, ಸಲಹೆ ಸಿಗುತ್ತದೆ. ಮನೆಯಲ್ಲಿ ಅವಳ ಮೈಕಟ್ಟಿನ ಬಗ್ಗೆ ಯಾರೂ, ಪ್ರೀತಿಯಿಂದಲೂ ಕೂಡ, ಟೀಕೆ ಮಾಡದಂತೆ ನೋಡಿಕೊಳ್ಳಿ, ಮತ್ತು ರಾತ್ರಿ ಅವಳ ಜೊತೆಗೇ ಕುಳಿತು ಉಣ್ಣಿ.

ಪ್ರಶ್ನೆ: ಹಸಿವು ಇಲ್ಲದಂತೆ ಮಾಡುವ ಇಂಜೆಕ್ಷನ್ ಬಂದಿದೆಯಂತೆ. ಹಾಗಾದರೆ ಇಷ್ಟೆಲ್ಲ ಪಥ್ಯ ಏಕೆ? (ಹೆಸರು, ಊರು ಬೇಡವೆಂದವರು)

ಉತ್ತರ: ಬಂದಿದೆ. ಮೊದಲ ಉತ್ತರದಲ್ಲಿ ಹೇಳಿದ ಜಿಎಲ್‌ಪಿ-1 ಹಾರ್ಮೋನನ್ನೇ ಹೋಲುವ ಸೆಮಾಗ್ಲುಟೈಡ್ ಮತ್ತು ಅದೇ ಬಗೆಯ ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದುಗಳು 2025ರಿಂದ ತೂಕ ಇಳಿಸುವುದಕ್ಕಾಗಿಯೇ ಭಾರತದಲ್ಲಿ ದೊರೆಯುತ್ತಿವೆ. ಇವು ನಿಜವಾಗಿಯೂ ಕೆಲಸ ಮಾಡುತ್ತವೆ: 2021ರಲ್ಲಿ ಪ್ರಕಟವಾದ 68 ವಾರಗಳ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ ಶೇಕಡಾ 15ರಷ್ಟು ಇಳಿಯಿತು. ಅಡುಗೆಮನೆಯ ಯಾವ ಕಾಳಿಗೂ ಆ ಬಲವಿಲ್ಲ. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತು. ವಾಕರಿಕೆ, ವಾಂತಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಅಪರೂಪಕ್ಕೆ ಆಗುತ್ತವೆ. ಥೈರಾಯ್ಡಿನ ಒಂದು ಬಗೆಯ ಕ್ಯಾನ್ಸರ್ ಮನೆತನದಲ್ಲಿದ್ದವರಿಗೆ ಕೊಡುವಂತಿಲ್ಲ. ಮದುವೆಯೊಳಗೆ ನಾಲ್ಕು ಕಿಲೊ ಇಳಿಸುವುದಕ್ಕಾಗಿ ಇದನ್ನು ಬಳಸಬಾರದು. ಸ್ಥೂಲತೆಯೊಂದಿಗೆ ಮಧುಮೇಹ, ರಕ್ತದೊತ್ತಡ ಮುಂತಾದವು ಇದ್ದವರು ತಜ್ಞ ವೈದ್ಯರ ಚೀಟಿಯ ಮೇಲೆ ಮಾತ್ರ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವಾಗಲೂ ಪಥ್ಯ ತಪ್ಪದು, ಏಕೆಂದರೆ ಹಸಿವೆಯಿಲ್ಲವೆಂದು ನಾಲ್ಕು ತುತ್ತು ಅನ್ನ ಮಾತ್ರ ಉಂಡರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಆ ನಾಲ್ಕು ತುತ್ತು ಕಾಳು, ಮೊಸರು, ತತ್ತಿಯದಾಗಿರಬೇಕು, ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತುವ ವ್ಯಾಯಾಮ ಇರಬೇಕು.